ಮೊಸರಿನ ಲಾರಿಗೊಂದು ಇದ್ದಿಲ ಚೂರು

ಮೊಸರು ಪ್ಯಾಕ್ ಮಾಡುವ ಕಾರ್ಖಾನೆಗೆ ಕೆಲಸ ಕೇಳಿಕೊಂಡು ಹೋದ ದಿನ, ಮೇಜಿನಾಚೆ ಕೂತಿದ್ದ ಸಾಹೇಬರು ಮೊದಲು ಕೇಳಿದ್ದು, "ಅನುಭವ ಏನಾದರೂ ಇದೆಯೇನಮ್ಮ?" ಅಂತ. ನನಗೆ ನಗು ಬಂತು. ಮದುವೆಯಾಗಿ ಬಂದಾಗಿನಿಂದ ಹಸು ಕಟ್ಟಿದವಳು, ಹಾಲು ಕರೆದವಳು, ದಿನವೂ ಹೆಪ್ಪು ಹಾಕಿದವಳು, ಮೊಸರು ಕಡೆದು ಬೆಣ್ಣೆ ತೆಗೆದವಳು ನಾನು. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ. ಅವರು ತಲೆಯಾಡಿಸುತ್ತಾ ಎಲ್ಲವನ್ನೂ ಕೇಳಿ ಕಾಗದದ ಮೇಲೆ ಏನೋ ಬರೆದರು. ಬಗ್ಗಿ ನೋಡಿದೆ. ‘ಅನುಭವ: ಇಲ್ಲ’ ಎಂದು ಬರೆದಿದ್ದರು.

ಮೈಯೆಲ್ಲ ಉರಿದುಹೋಯಿತು. ನನಗೆ ಕೋಪ ಅನ್ನುವುದು ಮೂಗುಬೊಟ್ಟಿನ ಹಾಗೆ, ಸದಾ ಮೂಗಿನ ಮೇಲೇ ಇರುತ್ತದೆ. ಎದ್ದು ಬಂದುಬಿಡೋಣ ಅನ್ನಿಸಿತು. ಆದರೆ ಹೊಣಕೆರೆ ಕಡೆಯ ನಮ್ಮೂರಿನಲ್ಲಿ, ನಾನು ಫ್ಯಾಕ್ಟರಿ ಕೆಲಸಕ್ಕೆ ಸೇರುತ್ತೇನೆ ಎಂದು ಆಗಲೇ ಬೀದಿಗೆಲ್ಲ ಸಾರಿಕೊಂಡು ಬಂದಿದ್ದೆ. ಅದಕ್ಕೆ ಕಾರಣವೂ ಇತ್ತು. ಊರಿನ ಡೇರಿಗೆ ಹಾಲು ಹೊತ್ತುಕೊಂಡು ಹೋಗುವವಳು ನಾನು, ಅಲ್ಲಿ ಕೂಗುವುದು ನನ್ನ ಗಂಡನ ಹೆಸರನ್ನು. ಒಂದು ದಿನ ಡೇರಿ ಕಾರ್ಯದರ್ಶಿ ತಲೆ ಕೂಡ ಎತ್ತದೆ, "ಅವ್ರ ಮನೆಯೋಳು ಬಂದವ್ಳೆ, ಹಾಲು ಅಳ್ಕೊಳ್ರಪ್ಪ" ಅಂದ. ಅಷ್ಟು ವರ್ಷ ಹಾಲು ಹಾಕಿದ ಮೇಲೂ ನಾನು ಅವರ ಮನೆಯೋಳು! ನನ್ನದೇ ಹೆಸರು, ನನ್ನದೇ ಫೋಟೊ ಇರುವ ಒಂದು ಕಾರ್ಡನ್ನು ಕುತ್ತಿಗೆಗೆ ಹಾಕಿಕೊಂಡು ಅವನ ಮುಂದೆ ಓಡಾಡಬೇಕು ಎಂದು ಅವತ್ತೇ ತೀರ್ಮಾನ ಮಾಡಿದ್ದೆ. ಹಾಗಾಗಿ ಕೋಪ ನುಂಗಿಕೊಂಡು ಕೂತೆ. ಸಾಹೇಬರು ಹೇಳಿದರು: ಆರು ತಿಂಗಳು ಟ್ರೈನಿಂಗು, ಸರಿಹೋದರೆ ಖಾಯಂ, ಇಲ್ಲದಿದ್ದರೆ ಮನೆಗೆ. ಕಾರ್ಡು ಖಾಯಂ ಆದವರಿಗೆ ಮಾತ್ರ.

ಮನೆಯಲ್ಲಿ ಗಂಡನದು ತಕರಾರಿರಲಿಲ್ಲ. ತಕರಾರೆಲ್ಲ ಅವರ ತಾಯಿಯದು. ನಮ್ಮತ್ತೆ ಜಗಲಿಯ ಮೇಲೆ ಕಾಲು ಚಾಚಿ ಕೂತು, ಹಾದುಹೋಗುವವರಿಗೆಲ್ಲ ಕೇಳುವ ಹಾಗೆ ಹೇಳಿದರು: "ಓಗ್ಲಿ ಬುಡಿ, ನಾಕು ದಿನ ಶೋಕಿ. ಆಮ್ಯಾಕೆ ಸಗಣಿ ಬಾಚಕ್ಕೆ ಇಲ್ಗೇ ತಾನೆ ಬರಬೇಕು?" ಹಟ್ಟಿಯಲ್ಲಿದ್ದ ನನಗೂ ಕೇಳಿಸಲಿ ಎಂದೇ ಹೇಳಿದ್ದು. ನಾನೂ ಸಗಣಿ ಬುಟ್ಟಿಯನ್ನು ಅವರಿಗೆ ಕೇಳುವಷ್ಟು ಜೋರಾಗಿಯೇ ಕುಕ್ಕಿದೆ.

ನಿಜವಾದ ಗಲಾಟೆ ಶುರುವಾದದ್ದು ಕಾರ್ಖಾನೆಯ ನಿಯಮ ತಿಳಿದ ಮೇಲೆ. ಆಹಾರ ತಯಾರಾಗುವ ಜಾಗ, ಏನೂ ಉದುರಬಾರದು. ಬಳೆ ಹಾಕುವ ಹಾಗಿಲ್ಲ, ಹೂ ಮುಡಿಯುವ ಹಾಗಿಲ್ಲ, ಹಣೆಗೆ ಕುಂಕುಮವಿರಲಿ ಸ್ಟಿಕ್ಕರೂ ಇಲ್ಲ. ತಾಳಿಯನ್ನು ಕೋಟಿನ ಒಳಗೆ ಸೇರಿಸಿ ಮೇಲೆ ಗುಂಡಿ ಹಾಕಬೇಕು. ತಲೆಗೆ ಬಲೆಯಂಥ ಟೋಪಿ, ಕಾಲಿಗೆ ಮೊಣಕಾಲಿನವರೆಗೆ ಬಿಳಿ ಗಂಬೂಟು. ಗಾಜಿನ ಬಳೆಯನ್ನು ದಿನಾ ತೆಗೆದು ದಿನಾ ತೊಡಲು ಆಗುತ್ತದೆಯೇ? ಒಂದೇ ಸಲ ತೆಗೆದಿಟ್ಟೆ. ನನ್ನ ಬೋಳು ಕೈ ನೋಡಿ ಅತ್ತೆ, "ಥೂ, ಮುತ್ತೈದೆ ಎಂಗುಸು ಇಂಗೆ ಬರಿಗೈಲಿ, ಬರಿಹಣೇಲಿ ಮನೆ ಒಸ್ಲು ದಾಟ್ತಾಳಾ?" ಎಂದು ಅಡುಗೆಮನೆಗೆ ಹೋದವರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆ ಎರಡು ದಿನ ಮನೆ ಎಷ್ಟು ತಣ್ಣಗಿತ್ತೆಂದರೆ, ಇದು ಮೊದಲೇ ತಿಳಿದಿದ್ದರೆ ಬಳೆಯನ್ನು ಎಂದೋ ತೆಗೆದಿಡುತ್ತಿದ್ದೆ.

ನನ್ನದು ಮಧ್ಯಾಹ್ನದ ಶಿಫ್ಟು. ಕೆ.ಆರ್. ಪೇಟೆ ರಸ್ತೆಗೆ ಬಂದು ನಿಲ್ಲುವ ವ್ಯಾನು ಹತ್ತಲು ಊರಾಚೆಯ ಹುಣಿಸೆಮರದ ಓಣಿಯಲ್ಲಿ ಮಟಮಟ ಮಧ್ಯಾಹ್ನ ನಡೆಯಬೇಕು. ಮೊದಲ ದಿನ ಅತ್ತೆ ಮಾತಿಲ್ಲದೆ ಊಟದ ಚೀಲ ತಂದು ಕೈಗಿಟ್ಟರು. ಮುದ್ದೆ, ಸೊಪ್ಪಿನ ಸಾರು. ಡಬ್ಬಿಯ ಪಕ್ಕ ಚೀಲದ ಮೂಲೆಯಲ್ಲಿ ಒಂದು ಇದ್ದಿಲ ಚೂರು. ಕೋಳಿ ಸಾರನ್ನೋ ಹಾಲನ್ನೋ ಹೊತ್ತಲ್ಲದ ಹೊತ್ತಲ್ಲಿ ಹೊರಗೆ ಒಯ್ಯುವಾಗ ಗಾಳಿ ಸೋಕದಿರಲಿ, ದೃಷ್ಟಿ ತಾಗದಿರಲಿ ಎಂದು ಇದ್ದಿಲು ಇಡುವುದು ನಮ್ಮ ಕಡೆಯ ಪದ್ಧತಿ. ಸೊಪ್ಪಿನ ಸಾರಿಗೂ ಇಟ್ಟಿದ್ದಾರಲ್ಲ, ಮುದುಕಿಗೆ ಅರಳುಮರಳು ಅಂದುಕೊಂಡೆ. ಸೊಪ್ಪಿನ ಸಾರಿಗೆ ಆಸೆ ಪಡುವ ದೆವ್ವ ಯಾವುದಪ್ಪಾ ಎಂದು ದಾರಿಯುದ್ದಕ್ಕೂ ನಗುತ್ತಾ ಹೋದೆ.

ಕಾರ್ಖಾನೆಯೊಳಗೆ ಹೋದ ಮೇಲೆ ಗೊತ್ತಾಯಿತು, ಸಾಹೇಬರು ಬರೆದದ್ದೇ ಸರಿ. ನನ್ನ ಅನುಭವ ಅಲ್ಲಿ ಮೂರು ಕಾಸಿಗೂ ಬಾಳುತ್ತಿರಲಿಲ್ಲ. ಹಾಲು ಎಲ್ಲೂ ಕಣ್ಣಿಗೇ ಬೀಳುವುದಿಲ್ಲ. ಗೋಡೆಯುದ್ದಕ್ಕೂ ಸ್ಟೀಲ್ ಪೈಪು, ಅದರೊಳಗೆ ಹಾಲು ಹೋಗುತ್ತಿದೆ ಎಂದು ನಂಬಿಕೊಳ್ಳಬೇಕು. ಹೆಪ್ಪು ಹಾಕುವುದನ್ನಾದರೂ ನೋಡೋಣ ಎಂದರೆ, ಒಬ್ಬ ಫ್ರೀಜರಿನಿಂದ ಸಣ್ಣ ಪೊಟ್ಟಣ ತೆಗೆದು ಪುಡಿ ಸುರಿದ. ಅದು ವಿದೇಶದಿಂದ ವಿಮಾನದಲ್ಲಿ ಬರುತ್ತದಂತೆ. ಹೆಪ್ಪನ್ನು ಪಕ್ಕದ ಮನೆಯಿಂದ ತರುವುದು ಗೊತ್ತಿತ್ತು. ವಿಮಾನದಲ್ಲಿ ತರಿಸಿಕೊಳ್ಳುವವರನ್ನು ಕಂಡದ್ದು ಅವತ್ತೇ. ಪ್ಯಾಕಿಂಗ್ ಮಷೀನಿನ ಹತ್ತಿರ ನಿಲ್ಲಿಸಿದರು. ಒಂದು ಕವರು ಒಡೆದು ಮುಖಕ್ಕೆ ಚಿಮ್ಮಿತು. ಒದೆಯುವ ಹಸುವಿಗೆ ಗದರುವ ಹಾಗೆ, "ಏಯ್, ನೆಟ್ಟಗೆ ನಿಂತ್ಕೋ!" ಎಂದು ಅದರ ಬೆನ್ನಿಗೊಂದು ಏಟು ಕೊಟ್ಟೆ. ನನ್ನ ಕೈ ಯಾವುದೋ ಕೆಂಪು ಗುಂಡಿಗೆ ಬಡಿದು ಇಡೀ ಸಾಲು ನಿಂತುಹೋಯಿತು. ಕೂಡಲೇ ನನ್ನನ್ನು ಕ್ರೇಟು ತೊಳೆಯಲು ಹಾಕಿದರು. ಅಲ್ಲಿಂದ ಲೋಡಿಂಗಿಗೆ.

ಲೋಡಿಂಗ್ ಎಂದರೆ ತಣ್ಣನೆಯ ಕೋಣೆಯಿಂದ ಮೊಸರಿನ ಕ್ರೇಟುಗಳನ್ನು ಟ್ರಾಲಿಯಲ್ಲಿ ತಳ್ಳಿಕೊಂಡು ಬಂದು ಲಾರಿಗೆ ಏರಿಸುವುದು. ಇದಕ್ಕೆ ಯಾವ ಅನುಭವವೂ ಬೇಡ, ಬದುಕಿದೆ ಅಂದುಕೊಂಡೆ. ಆದರೆ ಮೊದಲ ಸಂಜೆಯೇ, ಆಚೆ ಕತ್ತಲಾಗುವ ಹೊತ್ತಿಗೆ ಸರಿಯಾಗಿ ಮೈಸೂರಿನ ಲಾರಿ ಬಂದು ಹಿಮ್ಮುಖವಾಗಿ ನಿಂತಿತು. ಟ್ರಾಲಿ ತಳ್ಳಿಕೊಂಡು ಬಾಗಿಲ ತನಕ ಬಂದ ನನ್ನ ಕೈಕಾಲು ಅಲ್ಲೇ ನಿಂತವು. ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಉಪ್ಪು, ಹೆಪ್ಪು ಯಾವುದನ್ನೂ ಮನೆಯಿಂದ ಆಚೆಗೆ ಕೊಡಬಾರದು. ಕೊಟ್ಟರೆ ಲಕ್ಷ್ಮಿಯೂ ಅದರ ಹಿಂದೆಯೇ ಹೋಗುತ್ತಾಳೆ. ತೀರಾ ಕೊಡಲೇಬೇಕಾಗಿ ಬಂದರೆ ಒಂದು ಚೂರು ಇದ್ದಿಲನ್ನೋ ಕಬ್ಬಿಣದ ಮೊಳೆಯನ್ನೋ ಜೊತೆಗಿಟ್ಟು ಕೊಡಬೇಕು. ಅತ್ತೆಯ ಮನೆಯಲ್ಲಿ ಒಂದು ಲೋಟ ಮೊಸರಿಗೇ ಇಷ್ಟು ಕಟ್ಟುನಿಟ್ಟು. ಇಲ್ಲಿ ಒಂದು ಲಾರಿ ಮೊಸರು!

ಶಿಫ್ಟಿನ ಸೂಪರ್‌ವೈಸರ್ ತೊಣ್ಣೂರು ಕಡೆಯವರು, ಹೊಟ್ಟೆ ದೊಡ್ಡದು, ಗಂಟಲು ಅದಕ್ಕಿಂತ ದೊಡ್ಡದು. ದೂರದಿಂದಲೇ ಕೂಗಿದರು. "ಏನವ್ವಾ, ಕಾಲ್ಗೆ ಬೇರು ಬುಟ್ಟೈತಾ?"

"ಒಸಿ ತಡೀರಣ್ಣ. ದೀಪ ಹಚ್ಚೋ ಹೊತ್ತು."

"ಯಾವ ದೀಪ? ಇಲ್ಲಿ ಲೈಟು ಬೆಳಗಿನಿಂದ ಆರಿಸೇ ಇಲ್ವಲ್ಲವ್ವ!"

"ನಿಮ್ಮ ಲೈಟಲ್ಲಣ್ಣ, ಆಚೆ ನೋಡಿ. ಈ ಹೊತ್ನಲ್ಲಿ ನಿಮ್ಮವ್ವ ಮೊಸ್ರು ಕೊಡ್ತಿದ್ರಾ?"

ಅವರವ್ವನೂ ಕೊಡುತ್ತಿರಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು. ಆಮೇಲೆ ಇನ್ನೂ ಜೋರಾಗಿ, "ಅದ್ಕೆ ಅಂತ ಮೈಸೂರಿನೋರು ಬೆಳಗ್ಗೆ ಮೊಸ್ರಿಲ್ದೆ ಉಣ್ಬೇಕಾ? ಏರಿಸವ್ವ ತಾಯಿ, ನನ್ ಕೆಲ್ಸ ಕಳೀಬ್ಯಾಡ!" ಎಂದು ಕೈ ಮುಗಿದರು. ಆಗ ನನಗೆ ಊಟದ ಚೀಲದ ಇದ್ದಿಲು ನೆನಪಾಯಿತು. ಗಂಬೂಟಿನಲ್ಲಿ ದಡಬಡ ಓಡಿ, ಲಾಕರಿನಿಂದ ಅದನ್ನು ತಂದು, ಬಾಗಿಲ ಹತ್ತಿರದ ಕ್ರೇಟಿನ ಮೂಲೆಯಲ್ಲಿಟ್ಟೆ. ಮನಸ್ಸು ಹಗುರಾಯಿತು. ಕ್ರೇಟುಗಳು ಸರಸರ ಏರಿದವು. ಸೂಪರ್‌ವೈಸರ್ ಕಂಡರೂ ಕಾಣದವರ ಹಾಗೆ ಆಕಾಶ ನೋಡುತ್ತಿದ್ದರು.

ಲಾರಿಯ ಡ್ರೈವರು ಶ್ರೀರಂಗಪಟ್ಟಣದವನು, ನನಗಿಂತ ಚಿಕ್ಕವನು. ಅವನ ಗಾಡಿಯ ಮುಂದೆ ನಿಂಬೆಹಣ್ಣು ಮೆಣಸಿನಕಾಯಿ, ಹಿಂದೆ ಹಳೇ ಚಪ್ಪಲಿ. ಇದ್ದಿಲು ನೋಡಿದ್ದೇ ಅವನ ಮುಖ ಅರಳಿತು. "ಅಕ್ಕಾ, ಇಷ್ಟು ವರ್ಸದಲ್ಲಿ ಈ ಫ್ಯಾಕ್ಟ್ರಿಗೆ ತಿಳಿದೋರು ಅಂತ ಬಂದಿದ್ದು ನೀನೊಬ್ಳೇ ಕಣಕ್ಕ" ಅಂದ. ಸಾಹೇಬರ ಕಾಗದದಲ್ಲಿ ಇಲ್ಲದ ಅನುಭವ ಕೊನೆಗೂ ಒಬ್ಬನ ಕಣ್ಣಿಗೆ ಬಿತ್ತಲ್ಲ ಎಂದು ಹಿಗ್ಗಿಹೋದೆ. ಅವತ್ತಿನಿಂದ ಅದೇ ರೂಢಿಯಾಯಿತು. ಅತ್ತೆ ದಿನವೂ ಚೀಲದಲ್ಲಿ ಇದ್ದಿಲು ಇಡುವರು, ನಾನು ಅದನ್ನು ಸಂಜೆ ಕ್ರೇಟಿಗಿಡುವೆ, ಮೈಸೂರಿನಲ್ಲಿ ಬಾಗಿಲು ತೆರೆದ ಕೂಡಲೇ ಡ್ರೈವರು ತೆಗೆದು ಬಿಸಾಡುವನು. ಖಾಲಿ ಚೀಲ ಮನೆಗೆ ಬಂದರೂ ಅತ್ತೆ ಏನೂ ಕೇಳುತ್ತಿರಲಿಲ್ಲ. ಊರು ಸೇರಿದ ಮೇಲೆ ಬಿಸಾಡಿ ಬರುತ್ತಾಳೆ ಅಂದುಕೊಂಡಿದ್ದಿರಬೇಕು.

ಟ್ರೈನಿಂಗಿನ ಕೊನೆಯ ವಾರ. ಡ್ರೈವರು ಯಾರ ಜೊತೆಗೋ ಫೋನಿನಲ್ಲಿ ಜಗಳವಾಡುತ್ತಾ ಇದ್ದಿಲು ತೆಗೆಯುವುದನ್ನು ಮರೆತ. ಮೈಸೂರಿನ ಅಂಗಡಿಯವನೊಬ್ಬ ಮೊಸರಿನ ಕವರಿನ ಮೇಲೆ ಕೂತಿದ್ದ ಇದ್ದಿಲಿನ ಫೋಟೊ ತೆಗೆದು ಕಾರ್ಖಾನೆಗೆ ಕಳಿಸಿದ. ಇದ್ದಿಲನ್ನೂ ವಾಪಸ್ ಕಳಿಸಿದ, ಪುಣ್ಯಾತ್ಮ.

ನಮ್ಮ ಗುಣಮಟ್ಟ ನೋಡುವ ಮೇಡಂ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಹುಡುಗಿ. ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಪ್ಲಾಸ್ಟಿಕ್ ಕವರಿನಲ್ಲಿದ್ದ ಇದ್ದಿಲನ್ನು ಎತ್ತಿ ಹಿಡಿದು ಕೇಳಿದರು. "ಇದೇನು? ಎಲ್ಲಿಂದ ಬಂತು? ಯಾರಿಗಾದ್ರೂ ಗೊತ್ತಾ?"

ಅಲ್ಲಿದ್ದವರೆಲ್ಲ ನಾಗಮಂಗಲ, ಪಾಂಡವಪುರ, ಕೆ.ಆರ್. ಪೇಟೆ ಕಡೆಯವರು. ನೋಡಿದ ತಕ್ಷಣ ಪ್ರತಿಯೊಬ್ಬರಿಗೂ ಗೊತ್ತಾಗಿತ್ತು. ಅರ್ಧ ಜನ ಸೂರು ನೋಡಿದರು, ಇನ್ನರ್ಧ ಜನ ನೆಲ ನೋಡಿದರು. ಸೂಪರ್‌ವೈಸರ್ ತಮ್ಮ ಗಂಬೂಟಿನ ಅಂದವನ್ನು ಆವತ್ತೇ ಮೊದಲು ಕಂಡವರ ಹಾಗೆ ನಿಂತಿದ್ದರು. ಮೇಡಂ ಯೋಚಿಸಿ ಯೋಚಿಸಿ, ಇದು ಯಾವುದೋ ಮೋಟರಿನೊಳಗಿನ ಕಾರ್ಬನ್ ತುಂಡು, ಮುರಿದು ಬಿದ್ದಿದೆ ಎಂಬ ತೀರ್ಮಾನಕ್ಕೆ ಬಂದರು. ಫಿಟ್ಟರನ್ನು ಕರೆಸಿ ಒಂದೊಂದೇ ಮೋಟರು ಬಿಚ್ಚಿಸತೊಡಗಿದರು. ಪಾಪ, ಅವನಿಗೂ ಗೊತ್ತು ಅದು ಇದ್ದಿಲೆಂದು. ನನ್ನ ಮುಖ ನೋಡುವುದು, ಒಂದು ನಟ್ಟು ತಿರುಗಿಸುವುದು, ಬೆವರು ಒರೆಸುವುದು, ಮತ್ತೆ ನನ್ನ ಮುಖ ನೋಡುವುದು. ಬಾಯಿಬಿಟ್ಟರೆ ನನ್ನ ಕೆಲಸ ಹೋಗುತ್ತದೆ ಎಂದು ಇಡೀ ಶಿಫ್ಟು ಹಲ್ಲು ಕಚ್ಚಿಕೊಂಡಿತ್ತು. ಎರಡನೆಯ ಮೋಟರಿಗೆ ಕೈ ಹಾಕುವ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ.

"ಸಾಕು ನಿಲ್ಸಣ್ಣ! ಅದು ಯಾವ ಮೋಟ್ರುದೂ ಅಲ್ಲ. ನಮ್ಮನೆ ನೀರೊಲೆದು!"

ಮೇಡಂ ನಿಧಾನವಾಗಿ ನನ್ನ ಕಡೆ ತಿರುಗಿದರು. "ನಿಮ್ಮನೆ ಒಲೆ ಇದ್ದಿಲು ಮೈಸೂರಿಗೆ ಹೇಗೆ ಹೋಯ್ತು?"

ಹೇಳಿದೆ. ದೀಪದಿಂದ ಶುರುಮಾಡಿ ಲಕ್ಷ್ಮಿಯವರೆಗೆ ಎಲ್ಲವನ್ನೂ ಹೇಳಿದೆ. ಅವರು ನಗಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. "ನಿಮ್ಮ ನಂಬಿಕೆ ಬಗ್ಗೆ ನಾನೇನೂ ಹೇಳಲ್ಲ. ಆದ್ರೆ ತಿನ್ನೋ ಪದಾರ್ಥದ ಜೊತೆ ಇದ್ದಿಲು ಹೋಗೋ ಹಾಗಿಲ್ಲ. ನಾಳೆ ಸಂಜೆ ಅದಿಲ್ಲದೆ ಲಾರಿ ಟೈಮಿಗೆ ಸರಿಯಾಗಿ ಹೊರಡಬೇಕು. ಹೊರಟರೆ ನೀವು ಖಾಯಂ. ಇಲ್ಲಾಂದ್ರೆ ನನ್ನ ಕೈಲಿ ಏನೂ ಆಗಲ್ಲ" ಅಂದರು.

ರಾತ್ರಿಯೆಲ್ಲ ಯೋಚಿಸಿದೆ. ಲಕ್ಷ್ಮಿಗೆ ಮನಸ್ಸಿನಲ್ಲೇ ಕೈಮುಗಿದು, ತಾಯೀ, ನೀನು ಹೋಗುವುದಾದರೆ ಹೋಗು, ಕಾರ್ಖಾನೆಯವರಲ್ಲಿ ಬೇಕಾದಷ್ಟಿದೆ, ನನ್ನ ಕಾರ್ಡೊಂದು ಉಳಿಸಿಕೊಡು ಎಂದು ಬೇಡಿಕೊಂಡೆ. ಮಾರನೆಯ ದಿನ ಅತ್ತೆ ಇಟ್ಟ ಇದ್ದಿಲನ್ನು ಕಾರ್ಖಾನೆಯ ಗೇಟಿನ ಹೊರಗೇ ಬಿಸಾಡಿ ಒಳಗೆ ಹೋದೆ. ಸಂಜೆ ಕ್ರೇಟುಗಳನ್ನು ಏರಿಸಿಯೂ ಆಯಿತು. ನಾನು ಹೆದರಿದಂತೆ ನನ್ನ ಕೈಕಾಲು ನಿಲ್ಲಲಿಲ್ಲ. ನಿಂತದ್ದು ಡ್ರೈವರು.

ಬಾಗಿಲು ಹಾಕಲು ಬಂದವನು ಕ್ರೇಟಿನ ಮೂಲೆ ನೋಡಿದ, ನನ್ನ ಮುಖ ನೋಡಿದ. "ಎಲ್ಲಕ್ಕ?"

"ಇನ್ಮ್ಯಾಕೆ ಇಲ್ಲ ಕಣಪ್ಪ. ಇಡಂಗಿಲ್ಲ."

"ಅಂಗಾದ್ರೆ ನಾನು ಗಾಡಿ ಎತ್ತಕಿಲ್ಲ." ಹೋಗಿ ಕಟ್ಟೆಯ ಮೇಲೆ ಕೂತೇಬಿಟ್ಟ. "ನೀನು ಇದ್ದಿಲು ಆಕಕ್ಕೆ ಸುರು ಮಾಡಿದ್ಮೇಲೆ ಒಂದು ಪಂಚರ್ ಆಗಿಲ್ಲ ಗೊತ್ತಾ? ಈಗ ಒಂದೇ ಸತಿ ನಿಲ್ಸುದ್ರೆ ಅವು ಸುಮ್ನಿರ್ತವಾ?"

ಅವು ಎಂದರೆ ಯಾವುವು ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಸೂಪರ್‌ವೈಸರ್ ಗದರಿಸಿದರು, ಕೈಮುಗಿದರು, ಟೀ ಕೊಡಿಸುತ್ತೇನೆ ಎಂದರು. ಅವನು ಜಗ್ಗಲಿಲ್ಲ. ಮೇಲಿನ ಗಾಜಿನ ಕಿಟಕಿಯಲ್ಲಿ ಮೇಡಂ ಕೈ ಗಡಿಯಾರ ನೋಡುತ್ತಾ ನಿಂತಿದ್ದರು. ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ, ಅದನ್ನು ನಾನು ಗಂಬೂಟು ಹಾಕಿಕೊಂಡು ಉಣ್ಣುತ್ತಿದ್ದೆ. ಜಗಲಿಯ ಮೇಲೆ ಕಾಲು ಚಾಚಿ ಕೂತ ಅತ್ತೆ ಕಣ್ಣ ಮುಂದೆ ಬಂದರು. ಕೋಪ ನೆತ್ತಿಗೇರಿತು. ನನ್ನ ತಲೆ ಓಡುವುದು ಕೋಪ ಬಂದಾಗಲೇ.

"ಏಯ್, ಎದ್ದು ಬಾರ್ಲಾ ಇಲ್ಲಿ. ಈ ಗಾಡಿ ಯಾತ್ರುದು?"

"ಡೀಸೆಲ್ದು."

"ಅಯ್ಯೋ ನಿನ್ ಬುದ್ಧಿಗಿಷ್ಟು! ಯಾತ್ರಲ್ಲಿ ಮಾಡವ್ರೆ ಅಂದೆ."

"ಕಬ್ಬಿಣ್ದಲ್ಲಿ."

"ಇದ್ದಿಲು ಇಲ್ದಿದ್ರೆ ನಿಮ್ಮವ್ವ ಏನು ಮಡಗ್ತಾಳೆ?"

"ಕಬ್ಬಿಣದ ಮೊಳೆ..." ಎಂದವನು ಅಲ್ಲಿಗೇ ನಿಂತ.

"ಮೊಳೆಯೊಂದ್ಕೆ ಎದ್ರಿಕೊಳ್ಳೋ ಗಾಳಿ ಇಷ್ಟುದ್ದ ಲಾರಿಗೆ ಎದ್ರಿಕೊಳ್ಳಕಿಲ್ವಾ? ಮನೆ ಮನೇಲಿ ಒಂದು ಚೂರು ಕಬ್ಬಿಣ ಹುಡುಕ್ತಾರೆ, ನೀನು ಕಬ್ಬಿಣದ ಮ್ಯಾಲೇ ಕೂತ್ಕೊಂಡು ಓಯ್ತೀಯಲ್ಲೋ!"

ಅವನು ಸುಲಭಕ್ಕೆ ಸೋಲುವವನಲ್ಲ. ಎದ್ದು ಬಂದು ಲಾರಿಯ ಹಿಂದಿನ ಡಬ್ಬವನ್ನು ಬೆರಳಿನಿಂದ ಕುಟ್ಟಿದ. "ಇಂಜಿನ್ನು ಕಬ್ಬಿಣ, ಒಪ್ಕತೀನಿ. ಮೊಸ್ರು ಇರೋದು ಇದ್ರಲ್ಲಿ. ಇದು ಪೈಬರ್ರು ಕಣಕ್ಕ."

ಅದೂ ಹೌದಲ್ಲ ಅನ್ನಿಸಿತು ನನಗೂ. ಬಾಗಿಲ ಕಡೆ ಕಣ್ಣು ಹೋಯಿತು. "ಈ ಚಿಲಕ ಯಾತ್ರುದು?"

"ಕಬ್ಬಿಣ."

"ಬಾಗಿಲಿಗೇ ಕಬ್ಬಿಣ ಬಿದ್ಮೇಲೆ ಒಳೀಕೆ ಎಲ್ಲಿಂದ ಬತ್ತವೋ? ನಿನ್ ಪೈಬರ್ರು ತಿನ್ಕೊಂಡು ಬತ್ತವಾ?"

ಡ್ರೈವರು ಚಿಲಕ ನೋಡಿದ. ಸೂಪರ್‌ವೈಸರನ್ನು ನೋಡಿದ. ಅವರು, "ಓಗತ್ಲಾಗೆ, ಅವ್ಳು ಯೋಳೋದ್ರಲ್ಲಿ ನ್ಯಾಯ ಐತೆ ಕಣ್ಲಾ" ಎಂದು ದೊಡ್ಡ ಪಂಚಾಯ್ತಿ ಮಾಡುವವರ ಹಾಗೆ ಹೇಳಿದರು. ಅವನು ಬಾಗಿಲೆಳೆದು, ಚಿಲಕವನ್ನು ಢಣಾರೆಂದು ಹಾಕಿ, ಮುಟ್ಟಿ ಕಣ್ಣಿಗೊತ್ತಿಕೊಂಡು, ಗಾಡಿ ಹತ್ತಿದ. ಲಾರಿ ಹೊತ್ತಿಗೆ ಸರಿಯಾಗಿ ಗೇಟು ದಾಟಿತು. ಮೇಲೆ ನೋಡಿದರೆ ಮೇಡಂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದರು.

ವಾರ ಕಳೆಯುವುದರೊಳಗೆ ಕಾರ್ಡು ಬಂತು. ನನ್ನ ಹೆಸರು, ನನ್ನ ಫೋಟೊ. ಫೋಟೊದಲ್ಲಿ ತಲೆಗೆ ಬಲೆ ಟೋಪಿ, ಹಣೆ ಬೋಳು, ಬೈಸಿಕೊಂಡವಳ ಮುಖ. ಆದರೂ ರಾತ್ರಿ ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದೆ. ಬೆಳಗ್ಗೆ ಎದ್ದು ಅತ್ತೆಗೆ ತೋರಿಸಲು ಹೋದೆ. ಅವರು ನೀರೊಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಕಡ್ಡಿಯಿಂದ ಬೂದಿ ಕೆದಕಿ ಇದ್ದಿಲು ಆರಿಸುತ್ತಿದ್ದರು. ಕಾರ್ಡನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ಇದ್ಯಾರಮ್ಮಿ ಇವ್ಳು?" ಅಂದರು.

"ನಾನೇ ಕಣತ್ತೆ. ಖಾಯಂ ಆಯ್ತು." ನಾನು ಗೆದ್ದ ಹುರುಪಿನಲ್ಲಿದ್ದೆ. "ಇನ್ನು ಇದ್ದಿಲು ಬ್ಯಾಡಿ. ಮೊಸ್ರಿಗೆ ಇಡಂಗಿಲ್ಲವಂತೆ."

"ಮೊಸ್ರಿಗಾ? ಯಾವ ಮೊಸ್ರಿಗೆ?"

ಆಗ ಎಲ್ಲವನ್ನೂ ಹೇಳಿದೆ. ಲಾರಿ, ಡ್ರೈವರು, ಮೋಟರು, ಚಿಲಕ. ನಕ್ಕು ನಕ್ಕು ಹೇಳಿದೆ. ಅತ್ತೆ ನಗಲಿಲ್ಲ. ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟರು.

"ದಿನಾ ಲಾರಿಗೆ ಕೊಟ್ಬುಡ್ತಿದ್ದಾ? ದಿನಾನೂವೆ?"

"ಇನ್ನೇನತ್ತೆ ಮತ್ತೆ? ಸೊಪ್ಪಿನ ಸಾರಿಗೆ ಯಾವ ಗಾಳಿ ಬತ್ತದೆ?"

"ಸಾರಿಗೆ ಯಾರಮ್ಮಿ ಮಡಗಿದ್ರು? ಬಳೆ ಇಲ್ಲ, ಕುಂಕುಮ ಇಲ್ಲ, ತಲೇಲಿ ಒಂದು ಹೂವಿಲ್ಲ. ಬೋಳು ಮೈಲಿ ಮಟಮಟ ಮಧ್ಯಾಹ್ನ ಆ ಹುಣಿಸೆಮರದ ಓಣೀಲಿ ಓಯ್ತೀಯ, ಕತ್ಲಲ್ಲಿ ಅಲ್ಲೇ ಬತ್ತೀಯ. ನಿಂಗೆ ಕಣಮ್ಮಿ ಮಡಗ್ತಿದ್ದಿದ್ದು." ಕಡ್ಡಿಯನ್ನು ಮತ್ತೆ ಎತ್ತಿ ಬೂದಿಗೆ ಕುಕ್ಕಿದರು. "ಊರಿಗುಪಕಾರಿ! ಮೈಸೂರಿನೋರ ಮೊಸ್ರು ಕಾಯಕ್ಕೋಗಿ ಆರು ತಿಂಗ್ಳು ಕತ್ಲಲ್ಲಿ ಬರಿಗೈಲಿ ಬಂದವ್ಳಲ್ಲಪ್ಪ ಇವ್ಳು!"

ನಾನು ಅಲ್ಲೇ ಒಲೆಯ ಪಕ್ಕ ಕೂತುಬಿಟ್ಟೆ. ಅಳು ಬಂತು. ಹೊಗೆಯಿಂದ ಅಂತ ಹೇಳಲು ಒಲೆಯಲ್ಲಿ ಬೆಂಕಿಯೂ ಇರಲಿಲ್ಲ. ಅತ್ತೆ ಕಾರ್ಡಿಗೆ ಹತ್ತಿದ್ದ ಬೂದಿಯನ್ನು ಸೆರಗಿನಲ್ಲಿ ಒರೆಸಿ ನನ್ನ ಕುತ್ತಿಗೆಗೆ ಹಾಕಿದರು. ಆಮೇಲೆ ಆರಿಸಿಟ್ಟಿದ್ದರಲ್ಲಿ ಎಲ್ಲಕ್ಕಿಂತ ದೊಡ್ಡ ಚೂರನ್ನು ತೆಗೆದು ನನ್ನ ಕೈಗಿಟ್ಟು, "ಫ್ಯಾಕ್ಟ್ರಿ ಒಳೀಕೆ ಬ್ಯಾಡ ಅಂದ್ರೆ ಗೇಟ್ ತಾವ ಮಡಗು. ಬರೋವಾಗ ಮರೀದಂಗೆ ಎತ್ಕೊಂಡು ಬಾ" ಅಂದರು.